ಜೀಜು ಆದ, ಹೀರೋ ಯಾಕೆ ಆಗ್ಲಿಲ್ಲ? ನಿಕ್ ಜೋನಸ್ ಕೆರಿಯರ್ ಬಿಡಿಸಿ ನೋಡಿದ್ರೆ

2024ರ ಜನವರಿ 27, ಶನಿವಾರ ರಾತ್ರಿ. ನಮ್ಮ ಅಣ್ಣನ ಮಗಳು ಮಹಾಲಕ್ಷ್ಮಿ ರೇಸ್‌ಕೋರ್ಸಿಂದ ಲೋಕಲ್ ಹಿಡಿದು, ದಾದರ್‌ನಲ್ಲಿ ಗಾಡಿ ಬದಲಾಯಿಸಿ ಡೊಂಬಿವಲಿ ಮನೆಗೆ ಬಂದು ಮುಟ್ಟುವಾಗ ಹನ್ನೆರಡೂವರೆ. ಗಂಟಲು ಪೂರಾ ಕೂತಿತ್ತು, ಶೂಸ್ ತುಂಬ ಧೂಳು. ಊಟ ಆಯ್ತಾ ಅಂತ ಕೇಳಿದ್ರೆ ಉತ್ತರ ಇಲ್ಲ, ಮೊಬೈಲ್ ತೆಗ್ದು ವಿಡಿಯೋ ತೋರಿಸಿದ್ಲು. ಸಾವಿರಾರು ಜನ ಒಂದೇ ಸಮ "ಜೀಜು, ಜೀಜು" ಅಂತ ಕೂಗ್ತಾ ಇದಾರೆ, ಸ್ಟೇಜ್ ಮೇಲೆ ನಿಕ್ ಜೋನಸ್ ನಾಚಿಕೊಂಡು ನಗ್ತಾ ಇದಾನೆ. ಗಲಾಟೆಗೆ ಎದ್ದು ಬಂದ ನಮ್ಮಮ್ಮ ಕನ್ನಡಕ ಹಾಕ್ಕೊಂಡು ನೋಡಿ "ಯಾರ ಭಾವ ಇವ" ಅಂದ್ರು. ಎಲ್ಲರ ಭಾವ ಅಜ್ಜಿ, ಪ್ರಿಯಾಂಕಾ ಚೋಪ್ರಾ ಗಂಡ ಅಂದ್ಲು ಇವಳು. ಎಂತ ಕೆಲಸ ಮಾಡ್ತಾನೆ? ಹಾಡ್ತಾನೆ, ಸಿನಿಮಾನೂ ಮಾಡ್ತಾನೆ. ಯಾವ ಸಿನಿಮಾ? ಅಲ್ಲಿ ಸ್ವಲ್ಪ ತಡವರಿಸಿದ್ಲು. ಜುಮಾಂಜಿ. ಅದ್ರಲ್ಲಿ ಹೀರೋನಾ? ಅಲ್ಲ ಅಜ್ಜಿ... ಮಧ್ಯದಲ್ಲಿ ಬರ್ತಾನೆ.

ಅಮ್ಮ ಹೋಗಿ ಮಲಗಿದ್ರು. ನನಗೆ ಮಾತ್ರ ಆ "ಮಧ್ಯದಲ್ಲಿ ಬರ್ತಾನೆ" ತಲೇಲಿ ಉಳೀತು. ಹದಿನೈದು ಹದಿನಾರನೇ ವಯಸ್ಸಿಗೇ ಹುಡುಗೀರು ಹೆಸರು ಕೇಳಿದ್ರೆ ಕಿರುಚೋ ಮಟ್ಟಕ್ಕೆ ಬೆಳೆದ ಒಬ್ಬ ಹುಡುಗ, ಹಾಡೋಕೆ ಬರತ್ತೆ, ನೋಡೋಕೆ ಚಂದ, ಹಿಂದೆ ದೊಡ್ಡ ಕಂಪನಿ, ಇಷ್ಟೆಲ್ಲ ಇದ್ದೂ ಸಿನಿಮಾದಲ್ಲಿ ನಾಲ್ಕನೇ ಐದನೇ ಹೆಸರಾಗಿಯೇ ಯಾಕೆ ಉಳೀತಾನೆ? ಅವನೊಬ್ಬನ ಕಥೆ ಅಲ್ಲ ಇದು, ಈಗ ಮುಂಬೈಲಿ ರೀಲ್ಸ್ ಹಾಡಿ ಫೇಮಸ್ ಆಗಿ ಸೀದಾ ಆಡಿಷನ್‌ಗೆ ಓಡೋ ನಮ್ಮ ಮಕ್ಕಳ ಕಥೆಯೂ ಹೌದು. ಅದಕ್ಕೆ ಕೂತು ಬರೆಯೋಣ ಅನ್ನಿಸ್ತು.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸ್ತೀನಿ. ನಿಕ್ ಜೋನಸ್ ಅಂದ್ರೆ "ಹಾಡುಗಾರ ಆಮೇಲೆ ನಟ ಆದ" ಅಂತಾರೆ, ನಿಜ ಅಂದ್ರೆ ಅದು ಉಲ್ಟಾ. 1992ರಲ್ಲಿ ಡಲ್ಲಾಸ್‌ನಲ್ಲಿ ಹುಟ್ಟಿ ನ್ಯೂಜೆರ್ಸಿಯ ವೈಕಾಫ್ ಅನ್ನೋ ಚಿಕ್ಕ ಊರಲ್ಲಿ ಬೆಳೆದವನು, ಪಕ್ಕದಲ್ಲೇ ನ್ಯೂಯಾರ್ಕ್, ಸರಿಯಾಗಿ ಹಲ್ಲು ಬಿದ್ದು ಹುಟ್ಟೋ ವಯಸ್ಸಲ್ಲೇ ಅಲ್ಲಿನ ದೊಡ್ಡ ನಾಟಕ ಬೀದಿಯಾದ ಬ್ರಾಡ್‌ವೇ ನಾಟಕಗಳಲ್ಲಿ ಬಾಲನಟ. ಲೆ ಮಿಸರಾಬ್ಲ್ ಅನ್ನೋ ಮ್ಯೂಸಿಕಲ್‌ನಲ್ಲಿ, ಅಂದ್ರೆ ಹಾಡಲ್ಲೇ ನಡೆಯೋ ನಾಟಕದಲ್ಲಿ, ಗಾವ್ರೋಶ್ ಅನ್ನೋ ಬೀದಿ ಹುಡುಗನ ಪಾರ್ಟು ಮಾಡಿದ್ದ. ನಮ್ಮ ಗುಬ್ಬಿ ಕಂಪನಿ ಕಾಲದಲ್ಲಿ ಹುಡುಗರನ್ನ ಸೇರಿಸ್ಕೊಂಡು ಹಾಡು, ಮಾತು, ಕುಣಿತ ಎಲ್ಲ ಒಟ್ಟಿಗೆ ಕಲಿಸ್ತಿದ್ರಲ್ಲ, ಹೆಚ್ಚು ಕಮ್ಮಿ ಅದೇ ತರದ ಪಾಠ. ಆಮೇಲೆ ಕೊಲಂಬಿಯಾ ರೆಕಾರ್ಡ್ಸ್‌ನೋರು ಇವನೊಬ್ಬನನ್ನೇ ಹಾಡೋಕೆ ತಗೊಂಡ್ರು, ಅಣ್ಣಂದಿರಾದ ಕೆವಿನ್, ಜೋ ಜೊತೆ ಹಾಡಿದ್ದು ಕೇಳಿ ಮೂರು ಜನರದ್ದು ಒಂದು ಬ್ಯಾಂಡ್ ಮಾಡಿದ್ರು, 2006ರಲ್ಲಿ ಒಂದು ಆಲ್ಬಮ್ ಬಂತು, ಓಡಲಿಲ್ಲ, ಕಂಪನಿ ಕೈ ಬಿಡ್ತು. ಈ ಮಧ್ಯೆ 2005ರಲ್ಲಿ, ಹದಿಮೂರನೇ ವಯಸ್ಸಿಗೆ, ಟೈಪ್ 1 ಡಯಾಬಿಟಿಸ್ ಬೇರೆ.

2007ರಲ್ಲಿ ಹಾಲಿವುಡ್ ರೆಕಾರ್ಡ್ಸ್ ಬಂತು. ಹೆಸರು ನೋಡಿ ಏನೋ ಅಂದ್ಕೋಬೇಡಿ, ಅದು ಡಿಸ್ನಿಯ ಮ್ಯೂಸಿಕ್ ಕಂಪನಿ. ಹಾಡು ರೆಕಾರ್ಡ್ ಮಾಡೋದು ಡಿಸ್ನಿ, ರೇಡಿಯೋದಲ್ಲಿ ಹಾಕೋದು ಡಿಸ್ನಿಯ ರೇಡಿಯೋ, ಟಿವೀಲಿ ತೋರಿಸೋದು ಡಿಸ್ನಿ ಚಾನೆಲ್. ಅಕ್ಕಿ ಬೆಳೆಯೋನೂ ಅವನೇ, ಮಿಲ್ಲಿನೋನೂ ಅವನೇ, ಹೋಟೆಲಲ್ಲಿ ಇಡ್ಲಿ ಮಾಡಿ ಮಾರೋನೂ ಅವನೇ ಅಂದ್ರೆ ಹೆಂಗಿರತ್ತೆ, ಹಂಗೆ. 2008ರ ಜೂನ್ 20ಕ್ಕೆ ಡಿಸ್ನಿ ಚಾನೆಲಲ್ಲಿ ಕ್ಯಾಂಪ್ ರಾಕ್ ಅನ್ನೋ ಟಿವಿ ಸಿನಿಮಾ ಬಂದಾಗ ಅಮೆರಿಕದಲ್ಲಿ ಮೊದಲ ರಾತ್ರಿಯೇ 89 ಲಕ್ಷ ಜನ ನೋಡಿದ್ರು. ಅದ್ರಲ್ಲೂ ಹೀರೋ ಇವನಲ್ಲ, ಅಣ್ಣ ಜೋ. ಇವನು ಪಕ್ಕದಲ್ಲಿ ನಿಂತೋನು. ನನ್ನ ಪ್ರಕಾರ ಆ ಪಕ್ಕದಲ್ಲಿ ನಿಲ್ಲೋದೇ ಮುಂದೆ ಇವನನ್ನ ಉಳಿಸ್ತು, ಅದಕ್ಕೆ ಆಮೇಲೆ ಬರ್ತೀನಿ.

ಕ್ಯಾಂಪ್ ರಾಕ್ ಆಗಿ ಎಂಟು ತಿಂಗಳಿಗೆ, 2009ರ ಫೆಬ್ರವರಿಯಲ್ಲಿ, ಇದೇ ಮೂರು ಜನರ ಕಾನ್ಸರ್ಟನ್ನ 3ಡಿ ಸಿನಿಮಾ ಮಾಡಿ ಥಿಯೇಟರಿಗೆ ಬಿಟ್ರು. ಹಿಂದಿನ ವರ್ಷ ಡಿಸ್ನಿಯದೇ ಹುಡುಗಿ ಮೈಲಿ ಸೈರಸ್ ಕಾನ್ಸರ್ಟ್ ಸಿನಿಮಾ ಮೊದಲ ವಾರಾಂತ್ಯಕ್ಕೇ 3.1 ಕೋಟಿ ಡಾಲರ್ ಎತ್ತಿತ್ತು. ಇವರದ್ದೂ ಹಂಗೇ ಅಂತ ಕಾದು ಕೂತ್ರೆ ಬಂದಿದ್ದು 1.25 ಕೋಟಿ. ಟಿವೀಲಿ ಬಿಟ್ಟಿ ಬಂದಾಗ 89 ಲಕ್ಷ ಜನ, ಥಿಯೇಟರ್ ಬಾಗಿಲಿಗೆ ಬರುವಾಗ ಕಾಲು ಭಾಗವೂ ಇಲ್ಲ. ಎಲ್ಲಿ ಹೋದ್ರು ಅಂದ್ರೆ ಎಲ್ಲೂ ಹೋಗಿಲ್ಲ, ಮನೇಲೇ ಇದಾರೆ, ಆದ್ರೆ ಹನ್ನೊಂದು ಹನ್ನೆರಡು ವಯಸ್ಸಿನ ಮಗುವಿನ ಹತ್ರ ಪರ್ಸ್ ಇರೋದಿಲ್ಲ, ಅಪ್ಪ ಕರ್ಕೊಂಡು ಹೋಗ್ಬೇಕು, ಅಪ್ಪನಿಗೆ ಈ ಮೂರು ಹುಡುಗರು ಯಾರಂತ ಗೊತ್ತಿಲ್ಲ. ಟೀನ್ ಐಡಲ್ ಅನ್ನೋರ ಮಾರ್ಕೆಟ್ಟಿನ ಗುಟ್ಟು ಇಷ್ಟೇ, ಅಭಿಮಾನ ಒಬ್ಬರದು, ದುಡ್ಡು ಇನ್ನೊಬ್ಬರದು. ಅದೂ ಅಲ್ದೆ ಆ ಮಗು ಮೂರು ವರ್ಷದಲ್ಲಿ ಬೆಳೆದು ಬಿಡತ್ತೆ, ಗೋಡೆ ಮೇಲಿನ ಪೋಸ್ಟರ್ ಕಿತ್ತು ಹಾಕತ್ತೆ, ಚಿಕ್ಕೋಳಿದ್ದಾಗ ನಾನು ಇವರನ್ನೆಲ್ಲ ನೋಡ್ತಿದ್ನಾ ಅಂತ ನಾಚ್ಕೊಳ್ಳತ್ತೆ.

ಹುಡುಗರಿಗೆ ಹಾಕಿದ ಬೇಲಿ ಬೇರೆ ಇತ್ತು. ಮದುವೆ ತನಕ ಶುದ್ಧವಾಗಿರ್ತೀವಿ ಅಂತ ಬೆರಳಿಗೆ ಉಂಗುರ ಹಾಕ್ಕೊಂಡಿದ್ರು ಮೂವರೂ, ಇಡೀ ಅಮೆರಿಕಕ್ಕೆ ಅದೇ ಒಂದು ಜೋಕ್ ಆಗಿ, 2008ರ ಎಂಟಿವಿ ಅವಾರ್ಡ್ ಸ್ಟೇಜ್ ಮೇಲೆ ನಿರೂಪಕನೇ ಕಾಲೆಳೆದಿದ್ದ. ಅವರ ಅಪ್ಪ ಪಾದ್ರಿ ಆಗಿದ್ದೋರು, ಅದು ಮನೆಯ ನಂಬಿಕೆ, ಸರಿ. ಆದ್ರೆ ಒಂದ್ಸಲ ಆ ಇಮೇಜ್ ಅಂಟ್ಕೊಂಡ್ರೆ ಮುಂದೆ ಕುಡುಕನ ಪಾತ್ರ, ಕಳ್ಳನ ಪಾತ್ರ ಯಾವನು ಕೊಡ್ತಾನೆ?

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನಟ ಆಗೋಕೆ ಇಂತೋರಿಗೆ ಬೇಕಾಗಿರೋದು ಫೇಮ್ ಅಲ್ಲ, ಮರೆವು. ಜನ ಸ್ವಲ್ಪ ದಿನ ಮರೀಬೇಕು. ಟಿಕೆಟ್ ತಗೊಂಡು ಒಳಗೆ ಕೂತೋನು ತೆರೆ ಮೇಲೆ ಪಾತ್ರ ನೋಡ್ಬೇಕೇ ಹೊರತು "ಅರೆ ಇವನು ಆ ಹುಡುಗ ಅಲ್ವಾ" ಅಂತ ಪ್ರತಿ ಸೀನಲ್ಲೂ ನೆನಪಾಗಬಾರದು.

ಕನ್ನಡದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಅಪ್ಪು ಕಥೆ ಗೊತ್ತಲ್ಲ. ಪುನೀತ್ ಚಿಕ್ಕ ಹುಡುಗನಾಗಿ ಹಾಡಿದ್ರು, ನಟನೆ ಮಾಡಿದ್ರು, ಬೆಟ್ಟದ ಹೂವು ಸಿನಿಮಾಕ್ಕೆ 1985ರ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಕೊನೆಗೆ ಬಾಲನಟನಾಗಿ ಕಾಣಿಸಿಕೊಂಡಿದ್ದು 1989ರ ಹೊತ್ತಿಗೆ, ಹೀರೋ ಆಗಿ ಬಂದಿದ್ದು 2002ರಲ್ಲಿ. ಮಧ್ಯದಲ್ಲಿ ಹದಿಮೂರು ವರ್ಷ ಖಾಲಿ. ಆ ಹದಿಮೂರು ವರ್ಷದಲ್ಲಿ ಮೀಸೆ ಬರೋ ವಯಸ್ಸು, ದನಿ ಒಡೆಯೋ ವಯಸ್ಸು, ಅಂದ ಚಂದ ಎಲ್ಲ ಏರುಪೇರಾಗೋ ವಯಸ್ಸು ತೆರೆಯಿಂದ ಹೊರಗೇ ಕಳೀತು, ಆಮೇಲೆ ಬಂದೋರು ಬೇರೆ ಮನುಷ್ಯ. ಅಣ್ಣಾವ್ರ ಮಗ ಅನ್ನೋ ಬಲ ಇತ್ತು ಇಲ್ಲ ಅನ್ನಲ್ಲ, ಆದ್ರೆ ಆ ಗ್ಯಾಪ್ ಇಲ್ದಿದ್ರೆ ಅದೇ ಬಲ ಭಾರ ಆಗ್ತಿತ್ತು ಅನ್ನೋದು ನನ್ನ ಅಭಿಪ್ರಾಯ.

ನಿಕ್‌ಗೆ ಹದಿಮೂರು ವರ್ಷ ಸುಮ್ನೆ ಕೂರೋ ಅವಕಾಶ ಇರ್ಲಿಲ್ಲ, ಅವನು ಬೇರೆ ದಾರಿ ಹಿಡಿದ. ಜನ ಕಮ್ಮಿ ಇರೋ ಕಡೆ ಹೋಗಿ ಕೆಲಸ ಮಾಡಿದ. 2010ರಲ್ಲಿ ಲಂಡನ್‌ಗೆ ಹೋಗಿ ಅದೇ ಲೆ ಮಿಸರಾಬ್ಲ್‌ನಲ್ಲಿ ಈಗ ಮಾರಿಯಸ್ ಅನ್ನೋ ತರುಣನ ಪಾತ್ರಕ್ಕೆ ನಿಂತ, ಅದರ 25ನೇ ವರ್ಷದ ದೊಡ್ಡ ಕಾರ್ಯಕ್ರಮಕ್ಕೆ ಓ2 ಅರೇನಾದಲ್ಲಿ ಘಟಾನುಘಟಿ ಹಾಡುಗಾರರ ಮಧ್ಯೆ ಹಾಡಿ, ಧ್ವನಿ ಸಾಲಲ್ಲ ಅಂತ ಬೈಸ್ಕೊಂಡ, ಮ್ಯೂಸಿಕಲ್ ಹುಚ್ಚಿರೋರು ಇವತ್ತಿಗೂ ಆ ವಿಡಿಯೋ ಹಾಕಿ ನಗ್ತಾರೆ. ನನಗೆ ಮಾತ್ರ ಅದು ಸಣ್ಣ ಧೈರ್ಯ ಅನ್ನಿಸಲ್ಲ. 2012ರಲ್ಲಿ ಬ್ರಾಡ್‌ವೇಲಿ ಹ್ಯಾರಿ ಪಾಟರ್ ಸಿನಿಮಾದ ಡೇನಿಯಲ್ ರ್ಯಾಡ್‌ಕ್ಲಿಫ್ ಮೊದಲು ಮಾಡಿದ್ದ ಒಂದು ಪಾತ್ರಕ್ಕೆ ಬಂದ, ಕೆಲವೇ ತಿಂಗಳಲ್ಲಿ ಆ ನಾಟಕ ನಿಂತಿತು. 2013ರ ಅಕ್ಟೋಬರಲ್ಲಿ ಟೂರ್ ಕ್ಯಾನ್ಸಲ್ ಆಗಿ ಬ್ಯಾಂಡೇ ಒಡೀತು, ಅಣ್ಣಂದಿರ ಜೊತೆ ಮನಸ್ತಾಪ. 2014ರಿಂದ ಕಿಂಗ್‌ಡಮ್ ಅನ್ನೋ ಸೀರಿಯಲ್, ಮಾರಾಮಾರಿ ಹೊಡೆದಾಡೋ ಎಂಎಂಎ ಫೈಟರ್‌ಗಳ ಕಥೆ, ಅದ್ರಲ್ಲಿ ನೇಟ್ ಅನ್ನೋ ಹುಡುಗ, ತಾನು ಗೇ ಅನ್ನೋದನ್ನ ಅಪ್ಪನ ಮುಂದೆ, ಜಿಮ್ಮಿನ ಮುಂದೆ ಬಚ್ಚಿಟ್ಟುಕೊಂಡು ಒಳಗೊಳಗೇ ಬೇಯೋನು. ಆ ಚಾನೆಲ್ ನೋಡೋರೇ ಕಮ್ಮಿ. ಅದೇ ಒಳ್ಳೇದಾಯ್ತು ಅಂತೀನಿ ನಾನು! ಮೂರು ಸೀಸನ್, ಯಾರೂ ಕಿರುಚದೇ ಇರೋ ಜಾಗದಲ್ಲಿ ಕೆಲಸ ಕಲಿತ.

ಅಣ್ಣನ ಮಗಳ ಜೊತೆ ಕೂತು ಅದರ ಒಂದೆರಡು ಎಪಿಸೋಡ್ ನೋಡಿದೆ. ಮಾತು ಬಹಳ ಕಮ್ಮಿ ಆ ಪಾತ್ರಕ್ಕೆ, ಜಿಮ್ಮಲ್ಲಿ ಉಳಿದೋರೆಲ್ಲ ಗಲಾಟೆ ಮಾಡುವಾಗ ಇವನು ಸುಮ್ನೆ ಇರ್ತಾನೆ, ಭುಜ ಸ್ವಲ್ಪ ಒಳಗೆ ಎಳ್ಕೊಂಡು ನಿಂತಿರ್ತಾನೆ. ಸ್ಟೇಜ್ ಮೇಲೆ ಎದೆ ಬಿಟ್ಟು ನಿಲ್ಲೋ ಅಭ್ಯಾಸ ಇರೋ ಹಾಡುಗಾರನಿಗೆ ಆ ಭುಜ ಒಳಗೆ ಎಳೆಯೋದು ಸುಲಭ ಅಲ್ಲ ಮಾರಾಯ್ರೆ, ಅಭಿಮಾನಿ ದುಡ್ಡು ಕೊಡೋದೇ ಆ ಎದೆಗೆ. 2016ರಲ್ಲಿ ಗೋಟ್ ಅನ್ನೋ ಚಿಕ್ಕ ಸಿನಿಮಾ, ಸನ್‌ಡ್ಯಾನ್ಸ್ ಫೆಸ್ಟಿವಲಲ್ಲಿ ತೋರಿಸಿದ್ರು, ಕಾಲೇಜ್ ರ‍್ಯಾಗಿಂಗ್ ಕಥೆ, ಅಲ್ಲೂ ಇವನು ಹೀರೋ ಅಲ್ಲ, ಹೀರೋನ ಅಣ್ಣ.

ಹಾಡುಗಾರನನ್ನ ಸಿನಿಮಾಕ್ಕೆ ತರೋದು ಹೊಸ ಚಾಳಿ ಏನಲ್ಲ, ಎಲ್ವಿಸ್ ಪ್ರೆಸ್ಲಿ 1956ರಿಂದ 69ರೊಳಗೆ 31 ಕಥಾಚಿತ್ರ ಮಾಡಿದ. ಆದ್ರೆ ಅವನ ಮ್ಯಾನೇಜರ್ ಮರೆಯೋಕೆ ಬಿಟ್ರೆ ತಾನೆ? ಹಾಡು ಇರ್ಬೇಕು, ಆಲ್ಬಮ್ ಮಾರಬೇಕು, ಹುಡುಗೀರು ಇರ್ಬೇಕು, ಒಂದೇ ಹಿಟ್ಟಲ್ಲಿ ಬೇರೆ ಬೇರೆ ದೋಸೆ. ನಟ ಅಂತ ಬೆಳೀಲೇ ಇಲ್ಲ, ಕೊನೆಗೆ 1968ರಲ್ಲಿ ಟಿವಿ ಸ್ಪೆಷಲ್ ಮಾಡಿ ಹಾಡಿಗೇ ವಾಪಸ್ ಬರ್ಬೇಕಾಯ್ತು. ಈಗಿನ ಹಾಡುಗಾರ ಹ್ಯಾರಿ ಸ್ಟೈಲ್ಸ್‌ನ ನೋಡಿ, 2017ರ ಡನ್‌ಕರ್ಕ್‌ನಲ್ಲಿ ನೂರಾರು ಸೈನಿಕರ ಮಧ್ಯೆ ಒಬ್ಬ, ಮುಖಕ್ಕೆ ಎಣ್ಣೆ, ಮಣ್ಣು, ಅಲ್ಲಿ ಎಲ್ಲರೂ ಪರವಾಗಿಲ್ವೇ ಅಂದ್ರು. 2022ರಲ್ಲಿ ಡೋಂಟ್ ವರಿ ಡಾರ್ಲಿಂಗ್‌ಗೆ ಮುಂದಿನ ಸಾಲಿಗೆ ತಂದು ನಿಲ್ಲಿಸಿದ್ರು, ಅಲ್ಲಿ ಕಾಲು ನಡುಗಿತು. ಮನುಷ್ಯ ಅವನೇ, ಕ್ಯಾಮೆರಾ ಎಷ್ಟು ಹತ್ರ ಬಂತು ಅನ್ನೋದಷ್ಟೇ ವ್ಯತ್ಯಾಸ.

ನಿಕ್‌ಗೆ 2017ರ ಡಿಸೆಂಬರಲ್ಲಿ ಜುಮಾಂಜಿ ಸಿಕ್ತು. ಡ್ವೇನ್ ಜಾನ್ಸನ್, ಕೆವಿನ್ ಹಾರ್ಟ್, ಜ್ಯಾಕ್ ಬ್ಲ್ಯಾಕ್, ಕ್ಯಾರೆನ್ ಗಿಲನ್ ಇವರೆಲ್ಲ ಸಿನಿಮಾ ಹೊತ್ತುಕೊಂಡಿರೋರು, ಇವನು ಕಾಡಲ್ಲಿ ಇಪ್ಪತ್ತು ವರ್ಷದಿಂದ ಸಿಕ್ಕಿ ಹಾಕ್ಕೊಂಡಿರೋ ಪೈಲಟ್, ಅರ್ಧ ಸಿನಿಮಾ ಹತ್ತಿರ ಬಂದಾಗ ಬರ್ತಾನೆ. ಪ್ರಪಂಚ ಪೂರಾ ಸೇರಿ ಸುಮಾರು 96 ಕೋಟಿ ಡಾಲರ್ ಕಲೆಕ್ಷನ್. 2019ರಲ್ಲಿ ಎರಡನೇ ಭಾಗ, ಅದೂ ಸುಮಾರು 80 ಕೋಟಿ. ಬಾಕ್ಸಾಫೀಸ್ ಲೆಕ್ಕದಲ್ಲಿ ನೋಡಿದ್ರೆ ಇವನು ದೊಡ್ಡ ಸ್ಟಾರು, ಆದ್ರೆ ಆ ಲೆಕ್ಕ ಮೋಸ, ಮದುವೆ ಮನೇಲಿ ಉಪ್ಪಿನಕಾಯಿ ಬಡಿಸಿದೋನು ಸಾವಿರ ಜನಕ್ಕೆ ಊಟ ಹಾಕಿದೆ ಅಂದ ಹಾಗೆ. ಉಪ್ಪಿನಕಾಯಿ ಚೆನ್ನಾಗಿತ್ತು, ಅದು ಬೇರೆ ಮಾತು. ಅದೇ ಕಾಲಕ್ಕೆ ಶೂಟ್ ಆಗಿದ್ದ ಕೇಯಾಸ್ ವಾಕಿಂಗ್, ಅದ್ರಲ್ಲೂ ಚಿಕ್ಕ ಪಾತ್ರ, ರೀಶೂಟ್ ಮಾಡಿ ಮಾಡಿ 2021ರಲ್ಲಿ ಬಂದು ಹೇಳ ಹೆಸರಿಲ್ಲದೆ ಮಲಗಿತು. ತಾನೇ ಮುಖ್ಯ ಪಾತ್ರ ಮಾಡಿದ ದಿ ಗುಡ್ ಹಾಫ್ 2023ರಲ್ಲಿ ಟ್ರೈಬೆಕಾ ಫೆಸ್ಟಿವಲಲ್ಲಿ ತೋರಿಸಿ 2024ರಲ್ಲಿ ಸಣ್ಣದಾಗಿ ರಿಲೀಸ್ ಆಯ್ತು, ನಮ್ಮನೇಲಿರೋ ಪಕ್ಕಾ ಅಭಿಮಾನಿಯೇ ಇನ್ನೂ ನೋಡಿಲ್ಲ.

ಹಂಗಾದ್ರೆ ಫೇಲಾ? ಅಲ್ಲ. ನಾಲ್ಕನೇ ಹೆಸರಾಗಿ ಗಟ್ಟಿಯಾಗಿ ನಿಲ್ಲೋದು ಒಂದು ಕೆರಿಯರೇ, ಟೀನ್ ಐಡಲ್‌ಗಳಲ್ಲಿ ಎಷ್ಟೋ ಜನಕ್ಕೆ ಹದಿನಾಲ್ಕನೇ ಹೆಸರೂ ಸಿಕ್ಕಿಲ್ಲ. ಆದ್ರೆ ಅಲ್ಲಿಂದ ಮೇಲೆ ಹತ್ತೋಕೆ ಹೊರಟಾಗಲೇ ಮರೆವಿನ ಬಾಗಿಲು ಮುಚ್ಚಿತು, ಮುಚ್ಚಿದ್ದು ಅವನೇ. 2018ರ ಡಿಸೆಂಬರಲ್ಲಿ ಜೋಧಪುರದ ಉಮೈದ್ ಭವನದಲ್ಲಿ ಮದುವೆ, ಇಡೀ ಇಂಡಿಯಾಕ್ಕೆ ಮುಖ ಪರಿಚಯ. 2019ರ ಮಾರ್ಚಲ್ಲಿ ಅಣ್ಣತಮ್ಮಂದಿರು ಮತ್ತೆ ಒಂದಾಗಿ ಬಿಟ್ಟ ಹಾಡು ಸೀದಾ ಅಮೆರಿಕದ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಒಂದನೇ ನಂಬರಿಗೆ, ಬ್ಯಾಂಡಿಗೆ ಅದೇ ಮೊದಲ ನಂಬರ್ ಒನ್. ಹನ್ನೊಂದು ವರ್ಷದ ಹಿಂದೆ ಪರ್ಸ್ ಇಲ್ಲದ ಮಕ್ಕಳು ಈಗ ಸಂಬಳ ತಗೊಳ್ಳೋ ಹೆಂಗಸರು, ಕ್ರೆಡಿಟ್ ಕಾರ್ಡ್ ಉಂಟು, ಕಾನ್ಸರ್ಟ್ ಟಿಕೆಟ್ ತಾವೇ ತಗೋತಾರೆ. ಅವರಿಗೆ ಬೇಕಾಗಿರೋದು ಹೊಸ ನಟ ಅಲ್ಲ, ತಮ್ಮ ಹದಿನಾಲ್ಕನೇ ವಯಸ್ಸು ವಾಪಸ್. ಅಷ್ಟು ದೊಡ್ಡ ದುಡ್ಡು ಕರೀವಾಗ ಸಣ್ಣ ಸಿನಿಮಾದ ಸಣ್ಣ ಪಾತ್ರಕ್ಕೆ ಯಾವನು ಹೋಗ್ತಾನೆ ಹೇಳಿ, ನಾನಾದ್ರೂ ಹೋಗ್ತಿರ್ಲಿಲ್ಲ. 2025ರಲ್ಲಿ ಮತ್ತೆ ಬ್ರಾಡ್‌ವೇಗೆ ಬಂದು ಇಬ್ಬರೇ ಇರೋ ದಿ ಲಾಸ್ಟ್ ಫೈವ್ ಇಯರ್ಸ್ ಮಾಡಿದ, ಅದೇ ವರ್ಷ ಡಿಸ್ನಿಗೆ ಅಣ್ಣಂದಿರ ಜೊತೆ ಕ್ರಿಸ್ಮಸ್ ಸಿನಿಮಾ, ಅದ್ರಲ್ಲಿ ಅವನ ಪಾತ್ರದ ಹೆಸರು ನಿಕ್ ಜೋನಸ್. ಕೊನೆಗೂ ಹೀರೋ ಸಾಲಿಗೆ ಬಂದ, ಆದ್ರೆ ತಾನೇ ಆಗಿ!

ನಮ್ಮ ಮುಂಬೈಲಿ ಯಾಕೆ ಈ ತರದೋರು ಕಮ್ಮಿ ಅಂತ ಕೇಳ್ಬಹುದು. ಇಲ್ಲಿ ದನಿ ಮತ್ತು ಮುಖ 1935ರಲ್ಲೇ ಡೈವೋರ್ಸ್ ತಗೊಂಡಿವೆ. ಕಲ್ಕತ್ತಾದ ನ್ಯೂ ಥಿಯೇಟರ್ಸ್‌ನೋರು ಆ ವರ್ಷ ಹಿಂದಿ ಸಿನಿಮಾದಲ್ಲಿ ಪ್ಲೇಬ್ಯಾಕ್ ಶುರು ಮಾಡಿದ್ರು, ತಾವೇ ಹಾಡಿ ನಟಿಸ್ತಿದ್ದ ಸೈಗಲ್, ಸುರೈಯಾ ತಲೆಮಾರು ಮುಗಿದ ಮೇಲೆ ಹಾಡೋನು ಗಾಜಿನ ರೂಮಲ್ಲಿ, ಕುಣಿಯೋನು ಹೊರಗೆ. ಕಿಶೋರ್ ಕುಮಾರ್ ಒಬ್ಬರನ್ನ ಪಕ್ಕಕ್ಕಿಡಿ, ಅವರು ಯಾವ ಲೆಕ್ಕಕ್ಕೂ ಸಿಗೋರಲ್ಲ. ಹಾಡು ಎಷ್ಟೇ ಹಿಟ್ ಆಗ್ಲಿ, ಜನರ ಮನಸ್ಸಲ್ಲಿ ಅದು ಹೀರೋ ಖಾತೆಗೆ ಜಮಾ. ಸೋನು ನಿಗಮ್ ನೋಡಿ, ನಮ್ಮ ಮುಂಗಾರು ಮಳೆಗೂ ಹಾಡಿ ಕನ್ನಡದೋರ ಮನೆಮಾತಾದೋರು, 2002ರಿಂದ 2004ರೊಳಗೆ ಮೂರು ಹಿಂದಿ ಸಿನಿಮಾದಲ್ಲಿ ನಟಿಸಿದ್ರು, ನಿಲ್ಲಲಿಲ್ಲ. ಮುಂಬೈ ಹುಡುಗನೇ ಆದ ಅಭಿಜೀತ್ ಸಾವಂತ್ 2005ರಲ್ಲಿ ಮೊದಲ ಇಂಡಿಯನ್ ಐಡಲ್ ಗೆದ್ದಾಗ ದೇಶವೇ ಎಸ್ಸೆಮ್ಮೆಸ್ ಹಾಕಿತ್ತು, 2009ರಲ್ಲಿ ಲಾಟರಿ ಅನ್ನೋ ಸಿನಿಮಾಕ್ಕೆ ಹೀರೋ ಆದ್ರು, ಎಸ್ಸೆಮ್ಮೆಸ್ ಹಾಕಿದೋರು ಟಿಕೆಟ್ ತಗೋಳ್ಲಿಲ್ಲ. ಅಮೆರಿಕದ 89 ಲಕ್ಷದ ಕಥೆಯೇ, ಇಲ್ಲಿ ಮರಾಠಿ ಹಿಂದೀಲಿ. ಉಲ್ಟಾ ದಾರಿ ಮಾತ್ರ ನಮ್ಮಲ್ಲಿ ಚೆನ್ನಾಗಿ ನಡೀತು. ಅಣ್ಣಾವ್ರು 1954ರಲ್ಲಿ ಹೀರೋ ಆದ್ರು, ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ದನಿ, 1974ರಿಂದ ತಾವೇ ಹಾಡೋಕೆ ಹಿಡಿದ್ರು, 1992ರ ಗಾಯಕ ರಾಷ್ಟ್ರಪ್ರಶಸ್ತಿಯೂ ತಗೊಂಡ್ರು. ಮುಖಕ್ಕೆ ದನಿ ಸೇರಿಸಿದ್ರೆ ಜನ ಒಪ್ತಾರೆ, ದನಿಗೆ ಮುಖ ಸೇರಿಸಿದ್ರೆ "ಇವನೇನಾ" ಅಂತಾರೆ.

ಇದೆಲ್ಲ ಈಗ ಯಾಕೆ ಅಂದ್ರೆ, ನಮ್ಮ ಬಿಲ್ಡಿಂಗಲ್ಲಿ ಒಬ್ರು ಇದಾರೆ, ಕುಂದಾಪುರ ಕಡೆಯೋರು, ಅಂಧೇರಿಲಿ ಸಣ್ಣ ಹೋಟೆಲ್. ಅವರ ಮಗನಿಗೆ ಹದಿನಾರು, ಕಂಠ ನಿಜಕ್ಕೂ ಚಂದ, ಕನ್ನಡ ಹಿಂದಿ ಮರಾಠಿ ಮಿಕ್ಸ್ ಮಾಡಿ ರೀಲ್ಸ್ ಹಾಡ್ತಾನೆ, ನಲವತ್ತು ಸಾವಿರ ಫಾಲೋವರ್ಸ್. ಒಂದು ದಿನ ವರ್ಸೋವಾದ ಆರಾಮ್ ನಗರಕ್ಕೆ ಆಡಿಷನ್ ಅಂತ ಅಪ್ಪ ಮಗ ಹೋದ್ರು, ಅಲ್ಲಿನ ಹಳೇ ಬಂಗ್ಲೆಗಳಲ್ಲಿ ಸಾಲಾಗಿ ಕಾಸ್ಟಿಂಗ್ ಆಫೀಸುಗಳು, ಹೊರಗೆ ಒಂದೇ ತರ ಹೇರ್‌ಕಟ್ ಮಾಡಿಸ್ಕೊಂಡ ಹುಡುಗರ ಕ್ಯೂ. ಒಂದು ಆಫೀಸಲ್ಲಿ ನಾಲ್ಕು ಲೈನ್ ಓದಿಸಿ, ಮುಖ ಚೆನ್ನಾಗಿದೆ, ಫಾಲೋವರ್ಸ್ ಇದಾರೆ, ಮೂರು ತಿಂಗಳು ವರ್ಕ್‌ಶಾಪ್ ಮಾಡಿಸಿ 85 ಸಾವಿರ ಆಗತ್ತೆ, ಆಮೇಲೆ ವೆಬ್ ಸೀರೀಸ್ ನೋಡೋಣ ಅಂದ್ರಂತೆ. ಪಾತ್ರ ಕೊಡೋರು ದುಡ್ಡು ಕೊಡ್ತಾರೆ, ಕೇಳಲ್ಲ, ಅಷ್ಟು ಮಾತ್ರ ನನಗೆ ಗ್ಯಾರಂಟಿ ಗೊತ್ತಿತ್ತು, ಹೇಳಿದೆ. ಆದ್ರೆ ಅವರು ಕೇಳಿದ್ದು ಬೇರೆ ಪ್ರಶ್ನೆ, "ಅಲ್ಲ ಅಣ್ಣ, ಈಗ ಹೆಸರು ಇರುವಾಗ್ಲೇ ಹೋಗದಿದ್ರೆ ನಾಳೆ ಜನ ಮರೀತಾರಲ್ಲ?"

ಮರೀಲಿ ಬಿಡಿ ಅಂತ ಹೇಳೋಕೆ ಬಾಯಿಗೆ ಬಂತು, ಹೇಳ್ಲಿಲ್ಲ. ಹೇಳಿದ್ರೂ ಹೆಂಗೆ ಮರೆಸೋದು? ನಿಕ್ ಕಾಲಕ್ಕೆ ಟಿವಿ ಆಫ್ ಮಾಡಿದ್ರೆ ಐಡಲ್ ಮಾಯ, ಯಾರೂ ನೋಡದ ಚಾನೆಲ್ ಒಂದು ಸಿಕ್ತು. ಈ ಹುಡುಗನ ದನಿ ಒಡೆದಿದ್ದು, ಮೊಡವೆ ಎದ್ದಿದ್ದು, ಸ್ಕೂಲ್ ಡೇಲಿ ಎಡವಿ ಬಿದ್ದಿದ್ದು ಎಲ್ಲ ನಲವತ್ತು ಸಾವಿರ ಜನರ ಮೊಬೈಲಲ್ಲಿ ಡೇಟ್ ಸಮೇತ ಉಂಟು, ಎರಡು ದಿನ ಪೋಸ್ಟ್ ಹಾಕದಿದ್ರೆ ಆ ಆಪೇ ಇವನನ್ನ ಹಿಂದೆ ತಳ್ಳತ್ತೆ, ಅದ್ರ ಹೆದರಿಕೆಗೆ ದಿನಾ ಹಾಕ್ಬೇಕು.

85 ಸಾವಿರ ಸದ್ಯಕ್ಕೆ ಕಟ್ಟಿಲ್ಲ, ಕಟ್ಟಲ್ಲ ಅಂತಲೂ ಹೇಳಿಲ್ಲ. ಹೋದ ತಿಂಗಳು ಊರವರ ಸಂಘದ ಯಕ್ಷಗಾನ ಇತ್ತು, ಪೂರ್ವರಂಗದಲ್ಲಿ ಬಾಲಗೋಪಾಲ ವೇಷಕ್ಕೆ ಇಬ್ಬರು ಹುಡುಗರು ಬೇಕು, ಒಬ್ಬನಿಗೆ ಜ್ವರ ಬಂತು, ಅಪ್ಪನ ಬಲವಂತಕ್ಕೆ ಇವನು ಬಣ್ಣ ಹಚ್ಚಿದ. ಎರಡು ವರ್ಷ ಹೆಜ್ಜೆ ಕಲಿತಿದ್ದ, ಮರೆತಿರ್ಲಿಲ್ಲ. ಮುಖಕ್ಕೆ ಬಣ್ಣ, ತಲೆಗೆ ಕಿರೀಟ, ಕಾಲಿಗೆ ಗೆಜ್ಜೆ, ಚೆಂಡೆಗೆ ಸರಿಯಾಗಿ ಹತ್ತು ನಿಮಿಷ ಕುಣಿದ. ನನ್ನ ಪಕ್ಕದ ಚೇರಲ್ಲಿ ಕೂತಿದ್ದ ಅಜ್ಜಿ ಮೊಮ್ಮಗಳ ಹತ್ರ "ಎಡಗಡೆ ಇರೋದು ಯಾರ ಮಗ, ಚಂದ ಕುಣೀತಾನೆ" ಅಂದ್ರು. ಮೊಮ್ಮಗಳು ಮೊಬೈಲಿಂದ ತಲೆ ಎತ್ತಿ ಒಂದ್ಸಲ ನೋಡಿ ಗೊತ್ತಿಲ್ಲ ಅಂದ್ಲು, ಅವಳ ಸ್ಕ್ರೀನ್ ಮೇಲೆ ಇವನದ್ದೇ ರೀಲ್ ಓಡ್ತಾ ಇತ್ತು.